ಕಟ್ಟಳೆ ಒಂದೇ, ಮನುಷ್ಯ ಬೇರೆ ಬೇರೆ: ಪ್ರಾಚೀನ ಯೆಹೂದಿ ಗ್ರಂಥಗಳಲ್ಲಿ ಯಾವುದನ್ನು ಮೊದಲು ಓದಬೇಕು?

ಪ್ರಾಚೀನ ಯೆಹೂದಿ ಸಾಹಿತ್ಯ ಅಂದ ಕೂಡಲೇ ಹತ್ತು ಆಜ್ಞೆಗಳು ನೆನಪಿಗೆ ಬರುತ್ತವೆ. ಕೊಲ್ಲಬೇಡ, ಕದಿಯಬೇಡ, ಸುಳ್ಳು ಸಾಕ್ಷಿ ಹೇಳಬೇಡ. ಹಾಗಾಗಿ ಇದೆಲ್ಲ ಬರೀ ವಿಧಿ-ನಿಷೇಧಗಳ ಪಟ್ಟಿ ಅಂತ ಎಷ್ಟೋ ಜನ ಪುಸ್ತಕ ಮುಚ್ಚಿಬಿಡುತ್ತಾರೆ. ಸ್ವಲ್ಪ ತಾಳಿಕೊಂಡು ಓದಿದರೆ ಒಳಗೆ ದೊಡ್ಡ ವಾದವೇ ನಡೆಯುತ್ತಿರುವುದು ಗೊತ್ತಾಗುತ್ತದೆ. ಕಟ್ಟಳೆಯ ವಿವರಗಳ ಬಗ್ಗೆ ಜಗಳ ಇದ್ದೇ ಇದೆ. ಅದಕ್ಕಿಂತ ಆಳದ ಜಗಳ, ಆ ಕಟ್ಟಳೆಯನ್ನು ಪಾಲಿಸಬೇಕಾದ ಮನುಷ್ಯ ಎಂಥವನು ಅನ್ನುವುದರ ಬಗ್ಗೆ. ಅವನ ಕೈಯಲ್ಲಿ ನಿಜವಾಗಿ ಆಯ್ಕೆ ಇದೆಯಾ? ಅವನ ಹೃದಯವೇ ಕೆಟ್ಟಿದ್ದರೆ ಕಟ್ಟಳೆ ಕೊಟ್ಟು ಏನು ಪ್ರಯೋಜನ?

ಎಲ್ಲವನ್ನೂ ಓದಲು ಯಾರಿಗೂ ಪುರುಸೊತ್ತಿಲ್ಲ. ಸುಮಾರು ಎಂಟುನೂರು ವರ್ಷಗಳ ಬರವಣಿಗೆ ಅದು. ಒಂದೋ ಎರಡೋ ಗ್ರಂಥ ಆರಿಸಿಕೊಂಡು ಶುರು ಮಾಡಬೇಕು ಅನ್ನುವವರಿಗಾಗಿ ಈ ಹೋಲಿಕೆ.

ಇಂಥ ಹೋಲಿಕೆ ಹೊಸದೇನಲ್ಲ. ಕ್ರಿ.ಶ. 93ರ ಸುಮಾರಿಗೆ ರೋಮಿನಲ್ಲಿ ಕೂತು ಬರೆದ ಯೆಹೂದಿ ಇತಿಹಾಸಕಾರ ಜೋಸೆಫಸ್ ಇದನ್ನು ಮೂರು ಮಾತಿನಲ್ಲಿ ಮುಗಿಸಿಬಿಟ್ಟ. ಆಗಿನ ಯೆಹೂದಿ ಪಂಗಡಗಳು ಮೂರು. ಎಸ್ಸೀನರು ಎಲ್ಲವೂ ವಿಧಿಯ ಕೈಯಲ್ಲಿದೆ ಅನ್ನುತ್ತಾರೆ. ಸದ್ದುಕಾಯರು ವಿಧಿ ಅನ್ನುವುದೇ ಇಲ್ಲ ಅನ್ನುತ್ತಾರೆ. ಫರಿಸಾಯರು ಕೆಲವು ವಿಧಿಯಿಂದ, ಕೆಲವು ನಮ್ಮಿಂದ ಅನ್ನುತ್ತಾರೆ. ಗ್ರೀಕ್ ತತ್ವಶಾಸ್ತ್ರ ಬಲ್ಲ ಓದುಗರಿಗೆ ಅರ್ಥವಾಗಲಿ ಅಂತ ಹೀಗೆ ಅಂದವಾಗಿ ಜೋಡಿಸಿದ್ದಾನೆ. ಮೂಲ ಗ್ರಂಥಗಳು ಇಷ್ಟು ಅಂದವಾಗಿಲ್ಲ.

ಅದಕ್ಕೇ ಪ್ರತಿ ಗ್ರಂಥಕ್ಕೂ ನಾನು ಕೇಳುವ ಪ್ರಶ್ನೆ ಎರಡು. ತಪ್ಪು ನಡೆದಾಗ ಹೊಣೆ ಯಾರ ಮೇಲೆ ಬೀಳುತ್ತದೆ? ಮರುದಿನ ಬೆಳಿಗ್ಗೆ ಎದ್ದು ಆ ಮನುಷ್ಯ ಏನು ಮಾಡಬೇಕು? ಮೊದಲನೆಯದಕ್ಕೆ ಗ್ರಂಥಗಳು ದೊಡ್ಡ ದೊಡ್ಡ ಮಾತಿನಲ್ಲಿ ಉತ್ತರ ಕೊಡುತ್ತವೆ. ನನಗೆ ಜಾಸ್ತಿ ನಂಬಿಕೆ ಇರುವುದು ಎರಡನೆಯ ಉತ್ತರದ ಮೇಲೆ.

ಧರ್ಮೋಪದೇಶಕಾಂಡ: ಬುನಾದಿ ಬೇಕು ಅನ್ನುವವರಿಗೆ

ಬೈಬಲಿನ ಐದನೆಯ ಪುಸ್ತಕ ಇದು. ಇಡೀ ಪುಸ್ತಕ ಓದಬೇಕಾಗಿಲ್ಲ. 30ನೇ ಅಧ್ಯಾಯ ಸಾಕು. ಇಸ್ರಾಯೇಲರ ಮುಂದಾಳು ಮೋಶೆ ಸಾಯುವ ಮುಂಚೆ ಜನರಿಗೆ ಹೇಳುವ ಮಾತು ಅದು. ಈ ಆಜ್ಞೆ ನಿಮ್ಮ ಶಕ್ತಿಗೆ ಮೀರಿದ್ದಲ್ಲ, ಆಕಾಶದಲ್ಲಿಲ್ಲ, ಸಮುದ್ರದ ಆಚೆಗೂ ಇಲ್ಲ, ನಿಮ್ಮ ಬಾಯಲ್ಲಿ, ನಿಮ್ಮ ಹೃದಯದಲ್ಲೇ ಇದೆ. ಜೀವ ಮತ್ತು ಸಾವು ಎರಡನ್ನೂ ಮುಂದಿಟ್ಟಿದ್ದೇನೆ, ಜೀವವನ್ನು ಆರಿಸಿಕೊಳ್ಳಿ. ಮುಂದೆ ಬಂದವರೆಲ್ಲ ಈ ಮಾತನ್ನು ಹಿಡಿದುಕೊಂಡೇ ವಾದ ಮಾಡಿದ್ದಾರೆ.

ಕ್ರಿ.ಪೂ. 622ರ ಸುಮಾರಿಗೆ ಅರಸ ಯೋಷೀಯನ ಕಾಲದಲ್ಲಿ ಯಾಜಕ ಹಿಲ್ಕೀಯನಿಗೆ ಯೆರೂಸಲೇಮಿನ ದೇವಾಲಯದಲ್ಲಿ ಒಂದು ಧರ್ಮಶಾಸ್ತ್ರದ ಗ್ರಂಥ ಸಿಕ್ಕಿತು, ಅದನ್ನು ಓದಿಸಿ ಕೇಳಿದ ಅರಸ ಬಟ್ಟೆ ಹರಿದುಕೊಂಡ ಅಂತ ಅರಸುಗಳ ಎರಡನೆಯ ಪುಸ್ತಕ ಹೇಳುತ್ತದೆ. ಅದು ಧರ್ಮೋಪದೇಶಕಾಂಡದ ತಿರುಳೇ ಇರಬೇಕು ಅನ್ನುವುದು ಬಹಳಷ್ಟು ವಿದ್ವಾಂಸರ ಅಭಿಪ್ರಾಯ.

ಒಂದು ಸಣ್ಣ ವಿಷಯ ಗಮನಿಸಿ. 10ನೇ ಅಧ್ಯಾಯದಲ್ಲಿ ನಿಮ್ಮ ಹೃದಯಕ್ಕೆ ನೀವೇ ಸುನ್ನತಿ ಮಾಡಿಕೊಳ್ಳಿ ಅಂತ ಆಜ್ಞೆ ಇದೆ. 30ನೇ ಅಧ್ಯಾಯಕ್ಕೆ ಬಂದರೆ, ದೇವರೇ ನಿಮ್ಮ ಹೃದಯಕ್ಕೆ ಸುನ್ನತಿ ಮಾಡುತ್ತಾನೆ ಅನ್ನುವ ಭರವಸೆ. ಒಂದೇ ಪುಸ್ತಕದಲ್ಲಿ ಎರಡೂ ಇವೆ.

ಯೆಹೆಜ್ಕೇಲ: ಅಪ್ಪನ ತಪ್ಪು ಮಗನಿಗೆ ಯಾಕೆ ಅನ್ನುವವರಿಗೆ

ಕ್ರಿ.ಪೂ. 597ರಲ್ಲಿ ಬಾಬಿಲೋನಿನವರು ಯೆರೂಸಲೇಮಿನಿಂದ ಒಂದು ಗುಂಪನ್ನು ಗಡೀಪಾರು ಮಾಡಿ ಒಯ್ದರು. ಯೆಹೆಜ್ಕೇಲ ಆ ಗುಂಪಿನಲ್ಲಿದ್ದ ಯಾಜಕ, ಪ್ರವಾದಿ. ಅವನ ಹೆಸರಿನ ಪುಸ್ತಕ ಬೈಬಲಿನಲ್ಲಿದೆ. ಕೆಬಾರ್ ಕಾಲುವೆಯ ದಡದಲ್ಲಿ ಕೂತ ಆ ಜನ ಒಂದು ಗಾದೆ ಹೇಳಿಕೊಳ್ಳುತ್ತಿದ್ದರು. ಅಪ್ಪಂದಿರು ಹುಳಿ ದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಚಳಿತವು. ಅಂದರೆ, ತಪ್ಪು ಮಾಡಿದವರು ಅವರು, ಅನುಭವಿಸುತ್ತಿರುವವರು ನಾವು. ಸುಮ್ನೆ ಗೊಣಗುವುದಲ್ಲ ಅದು. ತಂದೆಯ ಅಪರಾಧಕ್ಕೆ ಮೂರು ನಾಲ್ಕು ತಲೆಮಾರಿನ ತನಕ ದಂಡನೆ ಅಂತ ಹತ್ತು ಆಜ್ಞೆಗಳಲ್ಲೇ ಇದೆಯಲ್ವಾ?

18ನೇ ಅಧ್ಯಾಯದಲ್ಲಿ ಯೆಹೆಜ್ಕೇಲ ಈ ಗಾದೆಯನ್ನು ಇನ್ನು ಮೇಲೆ ಬಾಯಲ್ಲಿ ಆಡಬಾರದು ಅನ್ನುತ್ತಾನೆ. ಆಮೇಲೆ ವಕೀಲರಂತೆ ಮೂರು ತಲೆಮಾರಿನ ಕೇಸು ಮುಂದಿಡುತ್ತಾನೆ. ಅಪ್ಪ ಒಳ್ಳೆಯವನು. ಸಾಲಗಾರನ ಅಡವನ್ನು ವಾಪಸ್ ಕೊಡುತ್ತಾನೆ, ಹಸಿದವನಿಗೆ ಅನ್ನ ಹಾಕುತ್ತಾನೆ, ಬಡ್ಡಿ ಮುಟ್ಟುವುದಿಲ್ಲ. ಮಗ ಇದೆಲ್ಲಕ್ಕೂ ಉಲ್ಟಾ. ಮೊಮ್ಮಗ ತನ್ನ ಅಪ್ಪನನ್ನು ನೋಡಿ ಹೆದರಿ ಅಜ್ಜನ ದಾರಿ ಹಿಡಿಯುತ್ತಾನೆ. ತೀರ್ಪು ಒಬ್ಬೊಬ್ಬರಿಗೂ ಪ್ರತ್ಯೇಕ. ಪಾಪ ಮಾಡಿದವನೇ ಸಾಯುವನು. ಅಷ್ಟಕ್ಕೇ ನಿಲ್ಲುವುದಿಲ್ಲ. ಕೆಟ್ಟವನು ತಿರುಗಿಕೊಂಡರೆ ಹಿಂದಿನದು ಲೆಕ್ಕಕ್ಕಿಲ್ಲ. ಒಳ್ಳೆಯವನು ಅಡ್ಡದಾರಿ ಹಿಡಿದರೆ ಅವನ ಹಳೆಯ ಪುಣ್ಯವೂ ಲೆಕ್ಕಕ್ಕಿಲ್ಲ. ಕೇಳಿದ ಜನ ಇದು ನ್ಯಾಯವಲ್ಲ ಅಂತ ತಕರಾರು ತೆಗೆಯುತ್ತಾರೆ. ನನಗೂ ಅರ್ಧ ಹಾಗೇ ಅನ್ನಿಸುತ್ತದೆ. ಎಷ್ಟೋ ಕಾಲದ ಮೇಲೆ ಯೆಹೂದಿ ಧರ್ಮಗುರುಗಳ ಚರ್ಚೆಗಳ ದೊಡ್ಡ ಸಂಗ್ರಹವಾದ ತಾಲ್ಮೂದಿನ ಮಕ್ಕೋತ್ ಭಾಗದಲ್ಲಿ ಒಬ್ಬ ರಬ್ಬಿ, ಅಂದರೆ ಧರ್ಮಗುರು, ಮೋಶೆ ಹಾಕಿದ ಕಟ್ಟುಗಳನ್ನು ಪ್ರವಾದಿಗಳು ಬಂದು ರದ್ದು ಮಾಡಿದರು ಅಂತ ನೇರವಾಗಿಯೇ ಹೇಳುತ್ತಾನೆ. ಅದಕ್ಕೆ ಅವನು ಕೊಡುವ ಉದಾಹರಣೆಗಳಲ್ಲಿ ಇದೂ ಒಂದು.

ಈ ಅಧ್ಯಾಯದ ಕೊನೆಯಲ್ಲಿ ನಿಮಗೆ ನೀವೇ ಹೊಸ ಹೃದಯ ಮಾಡಿಕೊಳ್ಳಿ ಅನ್ನುತ್ತಾನೆ. ಅದೇ ಯೆಹೆಜ್ಕೇಲ 36ನೇ ಅಧ್ಯಾಯದಲ್ಲಿ ಬೇರೆ ದನಿಯಲ್ಲಿ ಮಾತಾಡುತ್ತಾನೆ. ಆ ಹೊತ್ತಿಗೆ ಯೆರೂಸಲೇಮ್ ಬಾಬಿಲೋನಿನವರ ಕೈಗೆ ಬಿದ್ದುಹೋಗಿದೆ. ದೇವರೇ ಕಲ್ಲಿನ ಹೃದಯ ಕಿತ್ತು ಮಾಂಸದ ಹೃದಯ ಇಡುತ್ತಾನೆ, ತನ್ನ ಆತ್ಮವನ್ನು ಒಳಗಿಟ್ಟು ಕಟ್ಟಳೆಯಂತೆ ನಡೆಯುವ ಹಾಗೆ ಮಾಡುತ್ತಾನೆ. ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಮುಂದಿನ ಸಾಲು. ಹೊಸ ಹೃದಯ ಬಂದ ಮೇಲೆ ಜನರಿಗೆ ತಾವು ಮಾಡಿದ್ದೆಲ್ಲ ನೆನಪಾಗಿ ತಮ್ಮ ಮೇಲೆ ತಮಗೇ ಹೇಸಿಗೆ ಹುಟ್ಟುತ್ತದೆ. ಪಶ್ಚಾತ್ತಾಪ ಪಟ್ಟಿದ್ದಕ್ಕೆ ಹೃದಯ ಸಿಕ್ಕಿದ್ದಲ್ಲ, ಹೃದಯ ಸಿಕ್ಕ ಮೇಲೆ ನಾಚಿಕೆ ಬಂತು. ಕಲ್ಲಿಗೆ ನಾಚಿಕೆಯಾದರೂ ಎಲ್ಲಿಂದ ಬರಬೇಕು?

ಈ ಎರಡು ಅಧ್ಯಾಯಗಳನ್ನು ಒಟ್ಟಿಗೇ ಓದಿ. ಒಂದನ್ನೇ ಓದಿದರೆ ಯೆಹೆಜ್ಕೇಲನನ್ನು ತಪ್ಪು ತಿಳಿಯುತ್ತೀರಿ.

ಬೆನ್ ಸಿರಾ: ದಿನನಿತ್ಯದ ಬುದ್ಧಿಮಾತು ಬೇಕು ಅನ್ನುವವರಿಗೆ

ಕ್ರಿ.ಪೂ. 180ರ ಸುಮಾರಿಗೆ ಯೆರೂಸಲೇಮಿನಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು ಈತ. ಮೊಮ್ಮಗ ಈಜಿಪ್ಟಿಗೆ ಹೋಗಿ ಪುಸ್ತಕವನ್ನು ಗ್ರೀಕಿಗೆ ತಂದ. ಯೆಹೂದಿಗಳ ಬೈಬಲಿನಲ್ಲಿ ಇದಕ್ಕೆ ಜಾಗ ಸಿಗಲಿಲ್ಲ. ಕ್ಯಾಥೋಲಿಕರ ಬೈಬಲಿನಲ್ಲಿ ಇದೆ. ಹೀಬ್ರೂ ಮೂಲ ಶತಮಾನಗಳ ಕಾಲ ಕಾಣೆಯಾಗಿತ್ತು. 1896ರಲ್ಲಿ ಸ್ಕಾಟ್ಲೆಂಡಿನ ಅವಳಿ ಸೋದರಿಯರಾದ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಪೂರ್ವ ದೇಶಗಳಿಂದ ಕೊಂಡು ತಂದ ಹಾಳೆಯೊಂದನ್ನು ಕೇಂಬ್ರಿಜ್‌ನಲ್ಲಿ ಸಾಲೊಮನ್ ಷೆಖ್ಟರ್ ನೋಡಿ ಗುರುತಿಸಿದರು. 1964ರಲ್ಲಿ ಮಸಾಡ ಕೋಟೆಯ ಉತ್ಖನನದಲ್ಲಿ ಇನ್ನೊಂದಿಷ್ಟು ಸಿಕ್ಕಿತು.

15ನೇ ಅಧ್ಯಾಯದಲ್ಲಿ ಮೇಷ್ಟ್ರು ಖಡಾಖಂಡಿತ. ದೇವರಿಂದಾಗಿ ನಾನು ಪಾಪ ಮಾಡಿದೆ ಅಂತ ಹೇಳಬೇಡ. ನಿನ್ನ ಮುಂದೆ ಬೆಂಕಿಯೂ ಇದೆ, ನೀರೂ ಇದೆ. ಬೇಕಾದ ಕಡೆ ಕೈ ಚಾಚು. ಅದೇ ಮೇಷ್ಟ್ರು 33ನೇ ಅಧ್ಯಾಯದಲ್ಲಿ, ಮನುಷ್ಯರೆಲ್ಲ ಕುಂಬಾರನ ಕೈಯಲ್ಲಿರುವ ಮಣ್ಣು, ಕೆಲವರನ್ನು ಎತ್ತುತ್ತಾನೆ, ಕೆಲವರನ್ನು ಇಳಿಸುತ್ತಾನೆ ಅನ್ನುತ್ತಾನೆ. ಎರಡನ್ನೂ ಹೊಂದಿಸುವ ಗೋಜಿಗೇ ಹೋಗುವುದಿಲ್ಲ. ಅವನ ಆಸಕ್ತಿ ಬೇರೆ. ಔತಣದಲ್ಲಿ ಪಕ್ಕದವನು ಕಣ್ಣು ಹಾಕಿದ ತಟ್ಟೆಗೆ ನೀನು ಕೈ ಹಾಕಬೇಡ, ನೆರೆಯವನಿಗೆ ಜಾಮೀನು ನಿಲ್ಲು ಆದರೆ ನೀನೇ ಮುಳುಗದಂತೆ ನೋಡಿಕೋ, ಇಂಥವು. ಕಟ್ಟಳೆ ಅವನಿಗೆ ನಯವಾದ ಬದುಕಿನ ಅಭ್ಯಾಸ. ಹೆಂಗಸರ ಬಗ್ಗೆ ಅವನು ಬರೆದದ್ದು ಓದಿದರೆ ಸಿಟ್ಟು ಬರುತ್ತದೆ. 25 ಮತ್ತು 42ನೇ ಅಧ್ಯಾಯಗಳನ್ನು ಓದುವ ಮುಂಚೆ ಇದು ಗೊತ್ತಿರಲಿ.

ಕುಮ್ರಾನಿನ ಸಮುದಾಯ ನಿಯಮ: ಎಲ್ಲ ವಿಧಿ ಅಂದಮೇಲೆ ದಂಡ ಯಾಕೆ ಅನ್ನುವವರಿಗೆ

ನನಗೆ ಇದರಷ್ಟು ಕುತೂಹಲ ಹುಟ್ಟಿಸಿದ ಬರಹ ಈ ಪಟ್ಟಿಯಲ್ಲಿ ಮತ್ತೊಂದಿಲ್ಲ. 1947ರ ಆಸುಪಾಸಿನಲ್ಲಿ ಮೃತ ಸಮುದ್ರದ ಬಳಿಯ ಕುಮ್ರಾನ್ ಅನ್ನುವಲ್ಲಿನ ಗವಿಯಲ್ಲಿ ಬೆದೂಯಿನ್ ಕುರಿಗಾಹಿಗಳಿಗೆ ಸಿಕ್ಕ ಮೊದಲ ಸುರುಳಿಗಳಲ್ಲಿ ಇದೂ ಒಂದು. ಒಟ್ಟಿಗೆ ಬಾಳುತ್ತಿದ್ದ ಒಂದು ಗುಂಪಿನ ನಿಯಮಗಳಿರುವ, ಹನ್ನೊಂದು ಅಂಕಣಗಳ ಚರ್ಮದ ಸುರುಳಿ. ಇದರ ಹಿಂದಿದ್ದವರು ಜೋಸೆಫಸ್ ಹೇಳಿದ ಎಸ್ಸೀನರೇ ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ.

ಮೂರು ಮತ್ತು ನಾಲ್ಕನೆಯ ಅಂಕಣಗಳಲ್ಲಿ ಒಂದು ಸಿದ್ಧಾಂತವಿದೆ. ಆಗುವುದೆಲ್ಲ ಆಗುವ ಮುಂಚೆಯೇ ದೇವರು ಗೊತ್ತುಮಾಡಿದ್ದಾನೆ. ಮನುಷ್ಯನಿಗೆ ಎರಡು ಆತ್ಮಗಳನ್ನು ಇಟ್ಟಿದ್ದಾನೆ, ಒಂದು ಸತ್ಯದ್ದು, ಇನ್ನೊಂದು ಅನ್ಯಾಯದ್ದು. ನೀತಿವಂತರು ಬೆಳಕಿನ ಒಡೆಯನ ಕೈಕೆಳಗೆ, ಅನ್ಯಾಯದ ಮಕ್ಕಳು ಕತ್ತಲ ದೂತನ ಕೈಕೆಳಗೆ. ನೀತಿವಂತರು ತಪ್ಪು ಮಾಡಿದರೂ ಅದಕ್ಕೆ ಕಾರಣ ಆ ಕತ್ತಲ ದೂತನೇ. ಎರಡು ಆತ್ಮಗಳೂ ಮನುಷ್ಯನ ಹೃದಯದೊಳಗೆ ಈಗಲೂ ಗುದ್ದಾಡುತ್ತಿವೆ.

ಇಷ್ಟು ಓದಿದವರು ಇನ್ನು ಇಲ್ಲಿ ಶಿಸ್ತಿನ ಮಾತೇ ಇರಲಾರದು ಅಂದುಕೊಳ್ಳುತ್ತಾರೆ. ಈಗ ಆರನೆಯ ಅಂಕಣದ ಕೊನೆಗೂ ಏಳನೆಯ ಅಂಕಣಕ್ಕೂ ಹೋಗಿ. ಸಭೆಯಲ್ಲಿ ನಿದ್ದೆ ಹೋದರೆ ಮೂವತ್ತು ದಿನ ದಂಡ. ಪೆದ್ದುಪೆದ್ದಾಗಿ ಗಟ್ಟಿಯಾಗಿ ನಕ್ಕರೆ ಮೂವತ್ತು ದಿನ. ಸಭೆಯ ನಡುವೆ ಉಗುಳಿದರೂ ಅಷ್ಟೇ. ಇನ್ನೊಬ್ಬ ಮಾತಾಡುತ್ತಿರುವಾಗ ಮಧ್ಯೆ ಬಾಯಿ ಹಾಕಿದರೆ ಹತ್ತು ದಿನ. ಆಸ್ತಿಯ ವಿಷಯದಲ್ಲಿ ಗೊತ್ತಿದ್ದೂ ಸುಳ್ಳು ಹೇಳಿದರೆ ಒಂದು ವರ್ಷ ಶುದ್ಧ ಪಂಕ್ತಿಯಿಂದ (ಗುಂಪಿನವರು ಒಟ್ಟಿಗೆ ಕೂತು ಮಾಡುವ ಊಟದಿಂದ) ಹೊರಗೆ, ಜತೆಗೆ ಊಟದಲ್ಲಿ ಕಾಲು ಭಾಗ ಕಡಿತ. ಇನ್ನೊಬ್ಬನ ಮೇಲೆ ಸುಮ್ಮಸುಮ್ಮನೆ ಹಗೆ ಇಟ್ಟುಕೊಂಡರೆ ಆರು ತಿಂಗಳು ಅಂತ ಬರೆದಿದ್ದಾರೆ. ಅದರ ಮೇಲೆ ಯಾರೋ ಒಂದು ವರ್ಷ ಅಂತ ತಿದ್ದಿದ್ದಾರೆ. ಆರು ತಿಂಗಳು ಕಡಿಮೆಯಾಯ್ತು ಅಂತ ಅನ್ನಿಸಿರಬೇಕು.

ಇನ್ನೊಂದು ನಿಯಮ ಐದನೆಯ ಅಂಕಣದಲ್ಲಿದೆ. ಒಬ್ಬರ ತಪ್ಪು ಕಂಡರೆ ಅವತ್ತೇ ಮುಖಾಮುಖಿ ಹೇಳಬೇಕು. ಸಿಟ್ಟಿನಿಂದ ಹೇಳಬಾರದು, ಮನಸ್ಸಿನಲ್ಲಿ ಇಟ್ಟುಕೊಳ್ಳಲೂಬಾರದು. ಇದು ಬರೀ ಉಪದೇಶವಾಗಿ ಉಳಿದಿರಲಿಲ್ಲ. ನಾಲ್ಕನೆಯ ಗವಿಯಲ್ಲಿ ಸಿಕ್ಕ ಒಂದು ತುಣುಕಿನಲ್ಲಿ ಹಾಗೆ ಎಚ್ಚರಿಕೆ ಕೊಡಿಸಿಕೊಂಡವರ ಹೆಸರುಗಳೇ ಇವೆ. ಒಬ್ಬನ ಮೇಲಿನ ದೂರು, ಮುಂಗೋಪಿ ಅಂತ. ಎರಡು ಸಾವಿರ ವರ್ಷದ ಮೇಲೂ ಅವನ ಮುಂಗೋಪ ದಾಖಲೆಯಲ್ಲಿದೆ, ಪಾಪ.

ಎಲ್ಲವೂ ಮೊದಲೇ ಬರೆದದ್ದು ಅನ್ನುವ ಗುಂಪೇ ನಗುವಿಗೂ ನಿದ್ದೆಗೂ ದಿನ ಎಣಿಸಿ ದಂಡ ಹಾಕುತ್ತದೆ. ಇದನ್ನು ತರ್ಕದ ತಪ್ಪು ಅಂತ ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಹೃದಯದೊಳಗೆ ಎರಡು ಆತ್ಮಗಳ ಕುಸ್ತಿ ನಡೆಯುತ್ತಿದೆ ಅಂತ ನಿಜವಾಗಿ ನಂಬಿದವನು ತನ್ನ ಒಳಗನ್ನು ತಾನೊಬ್ಬನೇ ಕಾಯಬಲ್ಲೆ ಅಂದುಕೊಳ್ಳುವುದಿಲ್ಲ. ಕಾಯುವ ಕೆಲಸವನ್ನು ಪಕ್ಕದಲ್ಲಿ ಕೂತವರಿಗೆ ಹಂಚುತ್ತಾನೆ. ಇಲ್ಲಿ ನೈತಿಕ ವ್ಯಕ್ತಿ ಅಂದರೆ ಇಡೀ ಪಂಕ್ತಿ.

ಫಿಲೋ: ಕಟ್ಟಳೆಗೆ ಕಾರಣ ಬೇಕು ಅನ್ನುವವರಿಗೆ

ಅಲೆಕ್ಸಾಂಡ್ರಿಯದ ಫಿಲೋ ಗ್ರೀಕಿನಲ್ಲಿ ಬರೆದ ಯೆಹೂದಿ. ಕ್ರಿ.ಶ. 39-40ರಲ್ಲಿ ತನ್ನೂರಿನ ಯೆಹೂದಿಗಳ ಪರವಾಗಿ ಚಕ್ರವರ್ತಿ ಕಲಿಗುಲನ ಬಳಿಗೆ ನಿಯೋಗ ಕೊಂಡೊಯ್ದವನು. ಎಲ್ಲ ಕಟ್ಟಳೆಗಳನ್ನೂ ಹತ್ತು ಆಜ್ಞೆಗಳ ಕೆಳಗೆ ವಿಂಗಡಿಸಿ, ಒಂದೊಂದಕ್ಕೂ ಕಾರಣ ಹೇಳುತ್ತಾನೆ. ಹಂದಿ ಮಾಂಸ ಯಾಕೆ ಬೇಡ? ಹೊಲಸು ಅಂತಲ್ಲ, ಅದು ಎಲ್ಲಕ್ಕಿಂತ ರುಚಿ ಅಂತ! ನಾಲಿಗೆಯನ್ನು ಗೆದ್ದವನು ಬೇರೆ ಆಸೆಗಳನ್ನೂ ಗೆಲ್ಲಬಲ್ಲ ಅನ್ನುವುದು ಅವನ ಲೆಕ್ಕ. ಪ್ರತಿ ಮನುಷ್ಯನೊಳಗೂ ಹುಟ್ಟಿನಿಂದಲೇ ಒಬ್ಬ ಆರೋಪಿಸುವವನು, ತೀರ್ಪು ಕೊಡುವವನು ಕೂತಿದ್ದಾನೆ ಅನ್ನುತ್ತಾನೆ. ಮೋಶೆಯ ಧರ್ಮಶಾಸ್ತ್ರ ಬರುವ ಮುಂಚಿನ ಮೂಲಪುರುಷ ಅಬ್ರಹಾಮ ತಾನೇ ಒಂದು ಬರೆಯದ ಕಟ್ಟಳೆಯಾಗಿದ್ದ ಅನ್ನುವುದೂ ಅವನದೇ ಮಾತು.

ಕಾರಣ ಗೊತ್ತಾದ ಮೇಲೆ ಆಚರಣೆ ಬಿಡಬಹುದಲ್ವಾ? ಆಗಲೇ ಕೆಲವರು ಹಾಗೆ ಬಿಟ್ಟಿದ್ದರು. ಫಿಲೋ ಅವರ ಮೇಲೆ ಗರಂ ಆಗುತ್ತಾನೆ. ಅರ್ಥ ಆತ್ಮ, ಆಚರಣೆ ದೇಹ, ಆತ್ಮದ ಮನೆ ಅಂತ ದೇಹವನ್ನೂ ನೋಡಿಕೊಳ್ಳಬೇಕು ಅನ್ನುವುದು ಅವನ ಉತ್ತರ. ವಾದ ಚೆಂದ. ಆದರೆ ಫಿಲೋ ಉದ್ದ, ತುಂಬಾ ಉದ್ದ.

ಇದೇ ದಾರಿಯ ಇನ್ನೊಂದು ಗ್ರಂಥ 4 ಮಕ್ಕಬೀಯರು. ಭಕ್ತಿಯ ವಿವೇಕ ಭಾವೋದ್ರೇಕಗಳನ್ನು ಆಳಬಲ್ಲದು ಅಂತ ತೋರಿಸಲು ಮುದುಕ ಎಲೆಯಾಜರನಿಗೂ ಏಳು ಮಂದಿ ಅಣ್ಣತಮ್ಮಂದಿರಿಗೂ ಕೊಟ್ಟ ಚಿತ್ರಹಿಂಸೆಯನ್ನು ಪುಟಗಟ್ಟಲೆ ವರ್ಣಿಸುತ್ತದೆ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತದೆ. ಬಿಟ್ಟರೂ ನಷ್ಟವಿಲ್ಲ.

4 ಎಜ್ರ ಮತ್ತು 2 ಬಾರೂಕ: ದೇವರ ಜತೆ ಜಗಳಕ್ಕೆ ನಿಂತವರಿಗೆ

ಕ್ರಿ.ಶ. 70ರಲ್ಲಿ ರೋಮನ್ನರು ಎರಡನೆಯ ದೇವಾಲಯವನ್ನೂ ಸುಟ್ಟರು. ಆಮೇಲೆ ಹುಟ್ಟಿದ ಎರಡು ಗ್ರಂಥಗಳಿವು. ಎರಡೂ ಮೊದಲ ದೇವಾಲಯ ಬಿದ್ದ ಹಳೆಯ ಬಾಬಿಲೋನಿನ ಕಾಲದಲ್ಲಿ ನಡೆದ ಹಾಗೆ ವೇಷ ಹಾಕಿಕೊಂಡಿವೆ. 4 ಎಜ್ರದ ನಾಯಕ ನೇರವಾಗಿ ಕೇಳುತ್ತಾನೆ: ಕಟ್ಟಳೆ ಕೊಟ್ಟೆ ಸರಿ, ಕೆಟ್ಟ ಹೃದಯವನ್ನು ಯಾಕೆ ತೆಗೆಯಲಿಲ್ಲ? ಬೇರಿನಲ್ಲೇ ಕೆಟ್ಟದ್ದಿದ್ದರೆ ಮೇಲೆ ಕಟ್ಟಳೆ ಇದ್ದು ಏನಾಯ್ತು? ಆದಾಮಾ, ಏನು ಮಾಡಿಬಿಟ್ಟೆ, ಬಿದ್ದವನು ನೀನೊಬ್ಬನೇ ಅಲ್ಲ, ನಾವೂ ಬಿದ್ದೆವು ಅಂತ ಗೋಳಾಡುತ್ತಾನೆ. ಅದಕ್ಕೆ ದೇವದೂತ ಉರಿಯೇಲ ಕೊಡುವ ಉತ್ತರ ಏನು ಗೊತ್ತಾ? ಜೀವವನ್ನು ಆರಿಸಿಕೋ ಅಂತ ಮೋಶೆ ಹೇಳಿದ್ದನ್ನೇ ತೆಗೆದು ಮುಂದಿಡುತ್ತಾನೆ. ಎಜ್ರನ ಅಳಲಿನ ಮುಂದೆ ಆ ಉತ್ತರ ಸಪ್ಪೆ ಅನ್ನಿಸುತ್ತದೆ. ಬರೆದವನಿಗೂ ಹಾಗೇ ಅನ್ನಿಸಿತ್ತು ಅಂತ ನನ್ನ ಅನುಮಾನ. ಇಲ್ಲದಿದ್ದರೆ ಪ್ರಶ್ನೆಗಳನ್ನು ಇಷ್ಟು ಚೂಪಾಗಿ ಬರೆಯುತ್ತಿರಲಿಲ್ಲ.

2 ಬಾರೂಕದ ಪಾಡು ಅದೇ, ತೀರ್ಮಾನ ಬೇರೆ. ಆದಾಮ ತನಗೆ ಮಾತ್ರ ಕಾರಣ, ನಮ್ಮಲ್ಲಿ ಪ್ರತಿಯೊಬ್ಬರೂ ನಮಗೆ ನಾವೇ ಆದಾಮರಾಗಿದ್ದೇವೆ ಅನ್ನುತ್ತದೆ. ಕೆಬಾರ್ ದಡದ ಗಾದೆಗೆ ಯೆಹೆಜ್ಕೇಲ ಕೊಟ್ಟ ಉತ್ತರ ಇಲ್ಲಿ ಮತ್ತೆ ಕೇಳಿಸುತ್ತದೆ. ಇದು ಕ್ಯಾಥೋಲಿಕ್ ಬೈಬಲಿನಲ್ಲಿರುವ ಬಾರೂಕ ಅಲ್ಲ, ಹುಡುಕುವಾಗ ಗೊಂದಲವಾಗದಿರಲಿ.

ಮಿಶ್ನಾ: ತಪ್ಪಾದ ಮೇಲೆ ಏನು ಅನ್ನುವವರಿಗೆ

ಕ್ರಿ.ಶ. 200ರ ಸುಮಾರಿಗೆ ರಬ್ಬಿ ಯೆಹೂದ ಹ-ನಾಸಿ ಸಂಪಾದಿಸಿದ, ರಬ್ಬಿಗಳ ಕಟ್ಟಳೆ-ಚರ್ಚೆಗಳ 63 ಭಾಗಗಳ ಸಂಗ್ರಹ. ಮನುಷ್ಯನ ಹೃದಯದ ಬಗ್ಗೆ ಸಿದ್ಧಾಂತ ಬೇಕು ಅಂದರೆ ಕಷ್ಟ. ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸು ಅಂದರೆ ಒಳ್ಳೆಯ ಪ್ರೇರಣೆ, ಕೆಟ್ಟ ಪ್ರೇರಣೆ ಎರಡರಿಂದಲೂ ಪ್ರೀತಿಸು ಅಂತ ಬೆರಾಖೋತ್ ಭಾಗದಲ್ಲಿ ಒಂದು ಸಾಲು ಬರುತ್ತದೆ. ಕೆಟ್ಟ ಪ್ರೇರಣೆ ಇಲ್ಲದಿದ್ದರೆ ಯಾರೂ ಮನೆ ಕಟ್ಟುತ್ತಿರಲಿಲ್ಲ, ಮದುವೆಯಾಗುತ್ತಿರಲಿಲ್ಲ ಅಂತ ಮುಂದೆ ಬಂದ ರಬ್ಬಿಗಳ ಆದಿಕಾಂಡ ವ್ಯಾಖ್ಯಾನ ಸೇರಿಸುತ್ತದೆ. ಕಿತ್ತು ಹಾಕುವ ಮಾತಿಲ್ಲ, ಅದನ್ನೂ ಜತೆಗಿಟ್ಟುಕೊಂಡು ಬಾಳುವ ಮಾತು.

ಮಿಶ್ನಾದ ನಿಜವಾದ ಶಕ್ತಿ ಕೇಸುಗಳಲ್ಲಿದೆ. ಬಾವಾ ಕಮ್ಮಾ ಭಾಗದ 8ನೇ ಅಧ್ಯಾಯದಲ್ಲಿ ಹೀಗೊಂದು ಕಥೆ. ಒಬ್ಬ ಬೀದಿಯಲ್ಲಿ ಒಬ್ಬ ಹೆಂಗಸಿನ ತಲೆಯ ಮುಸುಕು ಕಿತ್ತ. ಅವಳು ರಬ್ಬಿ ಅಕೀವನ ಮುಂದೆ ದೂರು ಕೊಟ್ಟಳು. 400 ಜೂಜ್ (ಆಗಿನ ಬೆಳ್ಳಿ ನಾಣ್ಯ) ಕೊಡು ಅಂತ ತೀರ್ಪಾಯಿತು. ದೊಡ್ಡ ಮೊತ್ತ. ಅವನು ಸಮಯ ಕೇಳಿದ, ಸಿಕ್ಕಿತು. ಆಮೇಲೆ ಅವಳ ಅಂಗಳದ ಬಾಗಿಲಲ್ಲಿ ಕಾದು ನಿಂತು, ಒಂದು ಕಾಸಿನಷ್ಟು ಎಣ್ಣೆ ಇದ್ದ ಕೊಡವನ್ನು ಅವಳ ಎದುರಿಗೆ ಒಡೆದ. ಎಣ್ಣೆ ಹಾಳಾಗುತ್ತದಲ್ಲ ಅಂತ ಅವಳು ತಾನೇ ಮುಸುಕು ತೆಗೆದು, ಎಣ್ಣೆಯನ್ನು ಅಂಗೈಯಲ್ಲಿ ಬಳಿದು ತಲೆಗೆ ಹಚ್ಚಿಕೊಂಡಳು. ಅವನು ಸಾಕ್ಷಿಗಳನ್ನು ಮೊದಲೇ ನಿಲ್ಲಿಸಿದ್ದ. ಇಂಥವಳಿಗೆ ನಾನು 400 ಕೊಡಬೇಕಾ ಅಂತ ಅಕೀವನ ಹತ್ತಿರ ಬಂದ. ಅಕೀವ ಅಂದ: ನೀನು ಹೇಳಿದ್ದರಲ್ಲಿ ಹುರುಳಿಲ್ಲ. ತನಗೆ ತಾನೇ ನೋವು ಮಾಡಿಕೊಳ್ಳುವುದು ಸರಿಯಲ್ಲ, ಆದರೂ ಅವರಿಗೆ ದಂಡವಿಲ್ಲ. ಬೇರೆಯವರು ಮಾಡಿದರೆ ದಂಡ ಉಂಟು.

ಒಂದು ಕಾಸಿನ ಎಣ್ಣೆಗೆ ಅವಳು ತನ್ನ ಮಾನವನ್ನೇ ಬಿಟ್ಟುಕೊಟ್ಟಳು ಅನ್ನುವುದು ಅವನ ವಾದ. ಅವಳ ಮಾನಕ್ಕೆ ಬೆಲೆ ಕಟ್ಟುವ ಅಧಿಕಾರ ನಿನಗಿಲ್ಲ ಅನ್ನುವುದು ಕಟ್ಟಳೆಯ ಉತ್ತರ. ಬಡವರಾದರೂ ಅವರನ್ನು ಆಸ್ತಿ ಕಳೆದುಕೊಂಡ ಮನೆತನಸ್ಥರೆಂದೇ ನೋಡಬೇಕು, ಎಲ್ಲರೂ ಅಬ್ರಹಾಮ, ಇಸಾಕ, ಯಾಕೋಬರ ಮಕ್ಕಳು ಅಂತ ಅಕೀವನ ಇನ್ನೊಂದು ಮಾತು ಅಲ್ಲೇ ಇದೆ. ಅದೇ ಅಧ್ಯಾಯದಲ್ಲಿ ಮುಂದೆ, ದಂಡ ಪೂರ್ತಿ ಕಟ್ಟಿದರೂ ನೊಂದವರ ಹತ್ತಿರ ಕ್ಷಮೆ ಕೇಳುವ ತನಕ ಕ್ಷಮೆಯಿಲ್ಲ ಅನ್ನುತ್ತದೆ. ಯೋಮಾ ಭಾಗದ ಕೊನೆಯ ಅಧ್ಯಾಯವೂ ಇದನ್ನೇ ಹೇಳುತ್ತದೆ. ದೇವರಿಗೆ ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತದ ದಿನ ಸಾಕು. ಮನುಷ್ಯನಿಗೆ ಮಾಡಿದ ತಪ್ಪಿಗೆ ಅವನನ್ನು ಸಮಾಧಾನ ಮಾಡುವ ತನಕ ಆ ದಿನವೂ ಉಪಯೋಗಕ್ಕೆ ಬಾರದು.

ಹಾಗಾದರೆ ಯಾವುದು?

ಕನ್ನಡದಲ್ಲೇ ಓದಬೇಕು ಅಂದರೆ ಧರ್ಮೋಪದೇಶಕಾಂಡ 30, ಯೆಹೆಜ್ಕೇಲ 18 ಮತ್ತು 36. ಕನ್ನಡ ಬೈಬಲ್ ಸುಲಭವಾಗಿ ಸಿಗುತ್ತದೆ, ಒಂದು ಸಂಜೆಯ ಕೆಲಸ. ಉಳಿದವಕ್ಕೆ, ಬೆನ್ ಸಿರಾ ಒಂದನ್ನು ಬಿಟ್ಟು, ಇಂಗ್ಲಿಷ್ ಅನುವಾದವೇ ಗತಿ. ಸಮುದಾಯ ನಿಯಮದ ಸುರುಳಿಯ ಚಿತ್ರಗಳನ್ನು ಇಸ್ರೇಲ್ ಮ್ಯೂಸಿಯಂ ಆನ್‌ಲೈನಿನಲ್ಲಿ ಇಟ್ಟಿದೆ. ಮಿಶ್ನಾ ಪೂರ್ತಿಯಾಗಿ ಸೆಫಾರಿಯ ವೆಬ್‌ಸೈಟಿನಲ್ಲಿ ಉಚಿತ.

ತತ್ವಶಾಸ್ತ್ರ ಓದಿ ಅಭ್ಯಾಸ ಇರುವವರಿಗೆ ಫಿಲೋ ಹಿಡಿಸುತ್ತಾನೆ. ಅವರೂ ಹತ್ತು ಆಜ್ಞೆಗಳ ಮೇಲಿನ ಚಿಕ್ಕ ಗ್ರಂಥದಿಂದಲೇ ಶುರು ಮಾಡಲಿ. ನಂಬಿಕೆ ಅಲುಗಾಡುತ್ತಿರುವ ಕಾಲದಲ್ಲಿ 4 ಎಜ್ರ ಓದಿದರೆ ಜತೆಗೊಬ್ಬರು ಸಿಕ್ಕ ಹಾಗಾಗುತ್ತದೆ, ಆದರೆ ಸಮಾಧಾನ ಸಿಗುತ್ತದೆ ಅಂತ ಹೇಳಲಾರೆ. ಸಂಘ, ಆಶ್ರಮ, ಹಾಸ್ಟೆಲ್ ಇಂಥ ಕಡೆ ಜನರ ನಡುವೆ ಬದುಕಿದವರಿಗೆ ಕುಮ್ರಾನಿನ ದಂಡದ ಪಟ್ಟಿ ನಗುವನ್ನೂ ತರುತ್ತದೆ, ಯೋಚನೆಗೂ ಹಚ್ಚುತ್ತದೆ.

ಒಂದನ್ನೇ ಹೇಳಿ ಅಂದರೆ ನನ್ನ ಓಟು ಬಾವಾ ಕಮ್ಮಾ 8ನೇ ಅಧ್ಯಾಯಕ್ಕೆ. ಜನ ಸಾಮಾನ್ಯವಾಗಿ ಮಿಶ್ನಾದಲ್ಲಿ ಅವೋತ್ ಭಾಗದಿಂದ ಶುರು ಮಾಡುತ್ತಾರೆ. ಅದರಲ್ಲಿ ಸೊಗಸಾದ ಸೂಕ್ತಿಗಳಿವೆ. ಎಲ್ಲವೂ ದೇವರಿಗೆ ಕಂಡದ್ದೇ, ಆದರೂ ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟಿದೆ ಅನ್ನುವ ಅಕೀವನ ಪ್ರಸಿದ್ಧ ಮಾತೂ ಅಲ್ಲೇ ಇದೆ. ಆದರೆ ಬರೀ ಅದನ್ನು ಓದಿದರೆ ಗೋಡೆಗೆ ನೇತುಹಾಕುವ ವಾಕ್ಯವೊಂದು ಸಿಕ್ಕ ಹಾಗಾಗುತ್ತದೆ ಅಷ್ಟೇ. ಮೊದಲು ಎಣ್ಣೆಯ ಕೇಸು ಓದಿ, ಆಮೇಲೆ ಅವೋತ್‌ಗೆ ಬನ್ನಿ.